ಬಿತ್ತೋ ಮುಂಚೆ ನೂರು ಕಾಳು ಎಣಿಸಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಂಚಿಕೆಗೆ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಬಿತ್ತನೆಯವೇ. ಆರಿದ್ರಾ ಮಳೆ ಹತ್ತಿರ ಬಂದಾಗ ಮಂಡ್ಯ, ಮೈಸೂರು ಸೀಮೆಯಲ್ಲಿ ಬೇರೆ ಮಾತೂ ಇರೋದಿಲ್ಲ. ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ನಮಗೆ ನಾಲೆ ಬಯಲಲ್ಲಿ ಗದ್ದೆ ಇದೆ, ಏರುಭೂಮಿಯಲ್ಲಿ ರಾಗಿ ಹೊಲ ಇದೆ. ಎರಡರ ಬಗ್ಗೆಯೂ ಕೇಳಿದ್ದೀರಿ, ಕೈಯಾರೆ ಮಾಡಿ ಗೊತ್ತಿರೋದನ್ನೇ ಹೇಳ್ತೀನಿ.

ಪ್ರಶ್ನೆ: ಅಕ್ಕಾ, ನಮ್ಮದು ಮಳವಳ್ಳಿ ತಾಲ್ಲೂಕು, ಎರಡೆಕರೆ ಕೆಮ್ಮಣ್ಣಿನ ಹೊಲ. ಮನೇಲಿ ಎಂಆರ್-6 ರಾಗಿ ಬೀಜ ಇದೆ. ರೋಹಿಣಿಯಲ್ಲಿ ಒಂದು ಮಳೆ ಬಂತು, ಉಳುಮೆ ಮುಗಿಸಿದೆ. ಮೃಗಶಿರದಲ್ಲಿ ಹನಿ ಬೀಳಲಿಲ್ಲ. ಪಕ್ಕದ ಹೊಲದವರು ಒಣಮಣ್ಣಿಗೇ ಬಿತ್ತಿಬಿಟ್ಟರು. ನಾನೂ ಬಿತ್ತಲಾ? ಎಕರೆಗೆ ಎಂಟು ಕೆಜಿ ಹಾಕಿದರೆ ಅರ್ಧ ಹೋದರೂ ಅರ್ಧ ಉಳಿಯುತ್ತೆ ಅಂತಾರೆ, ನಿಜವೇ?

ಉತ್ತರ: ತಡಿ ತಮ್ಮ, ಅವಸರ ಬೇಡ. ಒಣಮಣ್ಣಿಗೆ ಬಿದ್ದ ರಾಗಿಗೆ ಮೊದಲ ಶತ್ರು ಇರುವೆ. ಸಾಲುಗಟ್ಟಿ ಹೊತ್ತುಕೊಂಡು ಹೋಗುತ್ತೆ. ಎರಡನೇ ಶತ್ರು ತುಂತುರು ಮಳೆ. ಹದವಾಗಿ ಹೊಯ್ದರೆ ಸರಿ, ಮೇಲಿನ ಎರಡು ಬೆರಳು ಮಣ್ಣು ಮಾತ್ರ ನೆನೆದು ಮಳೆ ನಿಂತರೆ ಕಾಳು ಒಡೆದು ಬೇರು ಬಿಡುತ್ತೆ, ಕೆಳಗೆ ತೇವ ಸಿಗದೆ ಅಲ್ಲೇ ಸುಟ್ಟುಹೋಗುತ್ತೆ. ಪಕ್ಕದವರಿಗೆ ಒಳ್ಳೇದಾಗಲಿ, ಅವರ ಪೈರು ಎದ್ದರೆ ನನಗೂ ಸಂತೋಷ. ಆದರೆ ನೀನು ಅವರನ್ನು ನೋಡಿ ಕೂರಿಗೆ (ಸಾಲಾಗಿ ಬೀಜ ಬಿತ್ತೋ ಸಾಧನ) ಹೂಡಬೇಡ, ಮಣ್ಣು ನೋಡಿ ಹೂಡು.

ಮಳೆ ಬಂದ ಮಾರನೇ ದಿನ ಹೊಲದ ನಡುಮಧ್ಯಕ್ಕೆ ಹೋಗು. ಬದುವಿನ ಪಕ್ಕ ನೋಡಬೇಡ, ಅಲ್ಲಿ ತೇವ ಯಾವಾಗಲೂ ಜಾಸ್ತಿ. ಅರ್ಧ ಗೇಣು ಬಗೆದು ಕೆಳಗಿನ ಮಣ್ಣು ಒಂದು ಹಿಡಿ ತಗೊಂಡು ಹಿಸುಕು. ಉಂಡೆ ಕಟ್ಟಬೇಕು, ಸೊಂಟದ ಎತ್ತರದಿಂದ ಕೈಬಿಟ್ಟರೆ ಒಡೆದು ಪುಡಿಯಾಗಬೇಕು. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ನೆಲಕ್ಕೆ ಬಿದ್ದೂ ಉಂಡೆ ಹಾಗೇ ಕೂತಿದ್ದರೆ ತೇವ ಹೆಚ್ಚಾಯ್ತು, ಕೂರಿಗೆ ತಾಳಿಗೆ ಮಣ್ಣು ಮೆತ್ತಿಕೊಂಡು ಬೀಜ ಒಂದೇ ಕಡೆ ರಾಶಿ ಬೀಳುತ್ತೆ. ಇನ್ನೊಂದು ದಿನ ಕಾಯಿ.

ಕಾಯೋಕೆ ನಿನಗಿನ್ನೂ ಹೊತ್ತಿದೆ. ಎಂಆರ್-6 ನಾಲ್ಕು ತಿಂಗಳ ತಳಿ. ಜುಲೈ ಮೊದಲ ವಾರ, ಅಂದರೆ ಆರಿದ್ರಾ ಮುಗಿಯೋ ಹೊತ್ತಿಗೆ ಬಿತ್ತಿದರೂ ತೆನೆ ಹೊರಡೋದು ಹಸ್ತೆ ಮಳೆಯ ಆಸುಪಾಸಲ್ಲಿ. ಕಾಳು ಕಟ್ಟೋಕೆ ಚಿತ್ತೆ, ಸ್ವಾತಿ ಎರಡೂ ಸಿಗುತ್ತೆ. ಅದೇ ತಳಿಯನ್ನ ಜುಲೈ ಕೊನೆಗೆ ಬಿತ್ತಿದರೆ ತೆನೆ ಬರೋ ಹೊತ್ತಿಗೆ ಸ್ವಾತಿಯೇ ಶುರುವಾಗಿರುತ್ತೆ, ಆಮೇಲೆ ಮಳೆ ನಂಬೋ ಹಾಗಿಲ್ಲ, ತೆನೆ ಬರುತ್ತೆ, ಕಾಳು ಜೊಳ್ಳಾಗುತ್ತೆ. ಆದ್ದರಿಂದ ಪುನರ್ವಸು ಮಧ್ಯಕ್ಕೂ, ಅಂದರೆ ಜುಲೈ ಎರಡನೇ ವಾರಕ್ಕೂ, ಹದ ಸಿಗದೇ ಹೋದರೆ ಎಂಆರ್-6 ಬೀಜ ಎತ್ತಿಟ್ಟುಬಿಡು. ಜಿಪಿಯು-28 ಅಥವಾ ಎಂಎಲ್-365 ತಂದು ಬಿತ್ತು. ಅವು 105ರಿಂದ 115 ದಿನಕ್ಕೆ ಬರುತ್ತವೆ.

ಇನ್ನು ಆ ಎಂಟು ಕೆಜಿ ಮಾತು. ಸಾವಿರ ರಾಗಿ ಕಾಳು ತೂಗಿದರೆ ಮೂರು ಗ್ರಾಂ ದಾಟೋದಿಲ್ಲ. ಅಂದರೆ ಒಂದು ಕೆಜಿಯಲ್ಲಿ ಮೂರು ಲಕ್ಷಕ್ಕೂ ಮೇಲೆ ಕಾಳು. ಕೂರಿಗೆ ಬಿತ್ತನೆಗೆ ಎಕರೆಗೆ ಹೇಳೋದು ಐದು ಕೆಜಿ, ಅದರಲ್ಲೇ ಹದಿನಾರು ಲಕ್ಷ ಕಾಳು ಇರುತ್ತೆ. ಸಾಲಿಂದ ಸಾಲಿಗೆ ಒಂದಡಿ, ಪೈರಿಂದ ಪೈರಿಗೆ ನಾಲ್ಕು ಅಂಗುಲ ಬಿಟ್ಟರೆ ಎಕರೆಯಲ್ಲಿ ನಿಲ್ಲಬೇಕಾದ ಪೈರು ಸುಮಾರು 1 ಲಕ್ಷ 30 ಸಾವಿರ. ಲೆಕ್ಕ ನೋಡು ತಮ್ಮ. ಐದು ಕೆಜಿ ಹಾಕಿದಾಗಲೇ ಬೇಕಾದ್ದಕ್ಕಿಂತ ಹತ್ತು ಪಾಲು ಹೆಚ್ಚು ಹಾಕಿರ್ತೀವಿ. ಇರುವೆಗೆ, ಹಕ್ಕಿಗೆ, ಹೆಂಟೆ ಕೆಳಗೆ ಸಿಕ್ಕಿಕೊಂಡಿದ್ದಕ್ಕೆ, ಎಲ್ಲದಕ್ಕೂ ಪಾಲು ಅದರಲ್ಲೇ ಇದೆ. ಎಂಟು ಕೆಜಿ ಹಾಕಿದರೆ ಆಗೋದು ಒಂದೇ: ಪೈರು ಒತ್ತಾಗಿ ಸಣಕಲು ಬರುತ್ತೆ, ತೆಂಡೆ (ಬುಡದಿಂದ ಬರೋ ಕವಲು) ಹೊಡೆಯೋದಿಲ್ಲ, ತೆನೆ ಹೆಬ್ಬೆಟ್ಟಿನಷ್ಟು ಆಗುತ್ತೆ.

ಬಿತ್ತಿ ಹದಿನೈದು ಇಪ್ಪತ್ತು ದಿನಕ್ಕೆ, ಒಂದು ಮಳೆ ಬಿದ್ದ ಮೇಲೆ, ಹೆಚ್ಚಾದ ಪೈರು ಕೀಳಲೇಬೇಕು. ಎದ್ದ ಪೈರು ಕೀಳೋಕೆ ಕೈ ಬರೋದಿಲ್ಲ, ನಮ್ಮ ಮನೆಯವರಿಗೂ ಇವತ್ತಿಗೂ ಬರೋದಿಲ್ಲ. ಆದರೂ ಕೀಳಬೇಕು. ಕಿತ್ತದ್ದನ್ನ ಸಾಲು ಹಾಳಾದ ಕಡೆ ನೆಟ್ಟು ಕಾಲಲ್ಲಿ ಒತ್ತಿದರೆ ಹತ್ತಿಕೊಳ್ಳುತ್ತೆ.

ಬೀಜ ಒಂದು ಅಂಗುಲಕ್ಕಿಂತ ಆಳಕ್ಕೆ ಇಳಿಯದ ಹಾಗೆ ನೋಡಿಕೋ. ಅಕ್ಕಡಿ, ಅಂದರೆ ರಾಗಿ ಸಾಲುಗಳ ನಡುವೆ ಹಾಕೋ ಬೇರೆ ಬೆಳೆ, ತಪ್ಪಿಸಬೇಡ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ರಾಗಿ ಕೈಕೊಟ್ಟ ವರ್ಷ ಸಾರಿಗೆ ಬೇಳೆಯಾದರೂ ಮನೆಗೆ ಬರುತ್ತೆ. ಬರೀ ರಾಗಿ ಬಿತ್ತಿದ ಹೊಲ ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಪ್ರಶ್ನೆ: ಅಮ್ಮಾ, ನನಗೆ ವಯಸ್ಸಾಯ್ತು. ನಮ್ಮ ಕಾಲದಲ್ಲಿ ಇಂಡಾಫ್ ರಾಗಿ ಅಂದರೆ ಕಣ ತುಂಬುತ್ತಿತ್ತು. ಈಗ ಅಂಗಡೀಲಿ ಕೇಳಿದರೆ ಹುಡುಗರಿಗೆ ಹೆಸರೇ ಗೊತ್ತಿಲ್ಲ. ಆ ಬೀಜ ಹಾಳಾಗಿಹೋಯ್ತೇ? (ಮಂಡ್ಯ ತಾಲ್ಲೂಕಿನ ಹಿರಿಯರು)

ಉತ್ತರ: ಇಲ್ಲ ಯಜಮಾನರೇ, ಹಾಳಾಗಿಲ್ಲ. ನಿಮ್ಮ ಮೊಮ್ಮಕ್ಕಳು ಬಿತ್ತುತ್ತಿರೋ ಜಿಪಿಯು-28 ಇದೆಯಲ್ಲ, ಅದನ್ನ ಹುಟ್ಟಿಸಿದ್ದೇ ಇಂಡಾಫ್-5 ಮತ್ತು ಇಂಡಾಫ್-9 ಎರಡನ್ನೂ ಬಳಸಿ. ಬೆಂಕಿ ರೋಗ ತಡೆಯೋ ಶಕ್ತಿಗೆ ಇನ್ನೊಂದು ತಳಿ ಸೇರಿಸಿದರು. ನೀವು ಬಿತ್ತಿದ್ದರ ವಂಶವೇ ಇವತ್ತೂ ಹೊಲದಲ್ಲಿದೆ.

ನೀವು ನೆನಪು ಮಾಡಿದ್ದಕ್ಕೆ ಕಿರಿಯರಿಗಾಗಿ ಎರಡು ಮಾತು. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನ ಕೊಟ್ಟರು. ಜನ ಅವರನ್ನ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. ಅದು ಎಷ್ಟು ಕಷ್ಟದ ಕೆಲಸ ಅಂತ ರಾಗಿ ಹೂವು ಹತ್ತಿರದಿಂದ ನೋಡಿದವರಿಗೇ ಗೊತ್ತು. ಅದು ಅರಳೋದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯೋ ಮುಂಚೆ. ಗಾತ್ರ ಸಾಸಿವೆಯಷ್ಟೂ ಇರೋದಿಲ್ಲ. ಅದರದೇ ಪರಾಗ ಅದರ ಮೇಲೇ ಬಿದ್ದು ಮುಗಿದುಹೋಗುತ್ತೆ. ಅಂಥ ಹೂವಿಗೆ ಬೇರೆ ತಳಿಯ ಪರಾಗ ಕೂಡಿಸಬೇಕು ಅಂದರೆ ಎಷ್ಟು ತಾಳ್ಮೆ ಬೇಕು! ಅವರ ಹೆಸರನ್ನ ನಮ್ಮ ಜಿಲ್ಲೆಯ ಪ್ರತಿ ಶಾಲೆಯ ಮಕ್ಕಳೂ ತಿಳಿದಿರಬೇಕು ಅನ್ನೋದು ನನ್ನ ಆಸೆ.

ಪ್ರಶ್ನೆ: ಅಕ್ಕ, ಹೋದ ವರ್ಷ ಹೈಬ್ರಿಡ್ ಭತ್ತ ಹಾಕಿದ್ದೆವು, ಚೆನ್ನಾಗಿ ಬಂತು. ಅದರಲ್ಲೇ ಎರಡು ಮೂಟೆ ಬೀಜಕ್ಕೆ ಇಟ್ಟಿದ್ದೀವಿ. ನಮ್ಮ ಯಜಮಾನರು ‘ದುಡ್ಡು ಯಾಕೆ ಹಾಕಬೇಕು, ಇದನ್ನೇ ಒಟ್ಲು (ಸಸಿ ಮಡಿ) ಬಿಡೋಣ’ ಅಂತಾರೆ. ಸರಿಯೇ? ಮನೆ ಬೀಜ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ ಅಂತ ಒಬ್ಬರು ಹೆದರಿಸಿದರು. (ಮದ್ದೂರು ಕಡೆಯ ಓದುಗರು)

ಉತ್ತರ: ತಂಗಿ, ಆ ಎರಡು ಮೂಟೆಯನ್ನ ಅಕ್ಕಿ ಮಾಡಿಸಿ ಉಣ್ಣಿ, ಒಟ್ಲಿಗೆ ಬೇಡ. ಹೈಬ್ರಿಡ್ ಅಂದರೆ ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ. ಅದರ ಬಲ ಆ ಒಂದು ಬೆಳೆಗೆ ಮಾತ್ರ. ಮರುವರ್ಷ ಅದನ್ನೇ ಬಿತ್ತಿದರೆ ಒಂದು ಪೈರು ಎತ್ತರ, ಒಂದು ಗಿಡ್ಡ, ಒಂದು ಬೇಗ ಒಡೆ ಬರುತ್ತೆ, ಇನ್ನೊಂದು ಹದಿನೈದು ದಿನ ತಡ. ಕೊಯ್ಯೋ ದಿನ ಯಾವುದು ಅಂತಲೇ ತಿಳಿಯೋದಿಲ್ಲ. ನಮ್ಮ ಮಂಡ್ಯದಲ್ಲೇ ಹುಟ್ಟಿದ ಕೆಆರ್‌ಎಚ್-2 ಆದರೂ ಅಷ್ಟೇ, ಹೊರಗಿನ ಕಂಪನಿಯದ್ದಾದರೂ ಅಷ್ಟೇ.

ಜಯ, ತನು, ಐಆರ್-64, ರಾಜಮುಡಿ ಇವುಗಳ ಮಾತು ಬೇರೆ. ಇವು ಹೈಬ್ರಿಡ್ ಅಲ್ಲ, ಮನೆ ಬೀಜ ಧಾರಾಳವಾಗಿ ಇಟ್ಟುಕೊಳ್ಳಬಹುದು. ಬೀಜಕ್ಕೆ ಬಿಡೋ ಮಡಿ ಯಾವುದು ಅಂತ ತೆನೆ ಬಂದಾಗಲೇ ಗೊತ್ತು ಮಾಡಿ, ಬೆರಕೆ ಪೈರು ಕಿತ್ತುಹಾಕಿ, ಆ ಮಡಿಯನ್ನ ಬೇರೆಯಾಗಿ ಕೊಯ್ದು ಬೇರೆಯಾಗಿ ಬಡಿಯಿರಿ. ಕಾನೂನಿಗೆ ಹೆದರಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ರೈತರಿಗೆ ಬೀಜ ಇಟ್ಟುಕೊಳ್ಳೋಕೆ, ಬಿತ್ತೋಕೆ, ಮತ್ತೆ ಬಿತ್ತೋಕೆ, ಬದಲಾಯಿಸಿಕೊಳ್ಳೋಕೆ, ಹಂಚೋಕೆ, ಮಾರೋಕೂ ಹಕ್ಕು ಕೊಟ್ಟಿದೆ. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನ ಬ್ರ್ಯಾಂಡಿನ ಹೆಸರು ಹಾಕಿ ಮಾರೋ ಹಾಗಿಲ್ಲ, ಅಷ್ಟೇ. ಹೆದರಿಸಿದವರಿಗೆ ಈ ಕಲಮು ತೋರಿಸಿ.

ಒಟ್ಲಿಗೆ ಮುಂಚೆ ಉಪ್ಪುನೀರಿನ ಪರೀಕ್ಷೆ ತಪ್ಪಿಸಬೇಡಿ. ಬಕೆಟ್ ನೀರಿಗೆ ಒಂದು ಹಸಿ ಕೋಳಿಮೊಟ್ಟೆ ಬಿಡಿ, ತಳಕ್ಕೆ ಹೋಗುತ್ತೆ. ಉಪ್ಪು ಹಾಕಿ ಕರಗಿಸುತ್ತಾ ಬನ್ನಿ. ಮೊಟ್ಟೆ ಮೇಲೆದ್ದು ನೆತ್ತಿ ನಾಲ್ಕಾಣೆ ಅಗಲ ಕಂಡಾಗ ಉಪ್ಪು ಸಾಕು. ಮೊಟ್ಟೆ ತೆಗೆದು ಭತ್ತ ಸುರಿದು ಕೈಯಾಡಿಸಿ. ತೇಲಿದ್ದೆಲ್ಲ ಜೊಳ್ಳು, ಅರೆಕಾಳು. ಬಾಚಿ ತೆಗೆದು ಕೋಳಿಗೆ ಹಾಕಿ. ಮುಳುಗಿದ್ದನ್ನ ತಕ್ಷಣ ಒಳ್ಳೆ ನೀರಲ್ಲಿ ಮೂರು ಸಲ ತೊಳೆಯಿರಿ, ಉಪ್ಪು ನಿಂತರೆ ಮೊಳಕೆ ಕೆಡುತ್ತೆ. ಆಮೇಲೆ ಒಂದು ಹಗಲು ಒಂದು ರಾತ್ರಿ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿ ಬೆಚ್ಚಗಿಡಿ. ಮೊಳಕೆ ತಲೆ ಎತ್ತಿದ ಕೂಡಲೇ ಒಟ್ಲಿಗೆ ಚೆಲ್ಲಿ. ಬೇರು ಉದ್ದ ಬಿಟ್ಟರೆ ಒಂದಕ್ಕೊಂದು ಹೆಣೆದುಕೊಂಡು ಬಿಡಿಸುವಾಗ ಮುರಿಯುತ್ತೆ.

ರಾಜಮುಡಿಯಂಥ ಹಳೇ ತಳಿ ಬೇಕು ಅನ್ನೋರು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಬಗೆ ದೇಸಿ ಭತ್ತವನ್ನ ವರ್ಷವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಅಷ್ಟು ಬಣ್ಣದ ತೆನೆಗಳು ಒಂದೇ ಬಯಲಲ್ಲಿ ನಿಂತಿರೋದನ್ನ ಕಣ್ಣಾರೆ ನೋಡಬೇಕು.

ಪ್ರಶ್ನೆ: ಅಂಗಡಿಯಿಂದ ತಂದ ಬೀಜ ಅರ್ಧಕ್ಕರ್ಧ ಮೊಳೆಯಲಿಲ್ಲ. ಕೇಳಿದರೆ ‘ನಿಮ್ಮ ಮಣ್ಣೇ ಸರಿಯಿಲ್ಲ’ ಅಂದರು. ಚೀಲ ಬಿಸಾಡಿದ್ದೀನಿ. ಏನು ಮಾಡಲಿ? (ಕೆ.ಆರ್. ಪೇಟೆ ತಾಲ್ಲೂಕಿನ ರೈತರು)

ಉತ್ತರ: ಅಣ್ಣಾ, ನಿಮ್ಮ ಸಂಕಟ ಅರ್ಥವಾಗುತ್ತೆ. ಬಿತ್ತನೆ ಹದ ತಪ್ಪಿದರೆ ಆ ವರ್ಷವೇ ತಪ್ಪಿದ ಹಾಗೆ. ಬಿಲ್ ಇದ್ದರೆ ಇವತ್ತೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಹೊಲ ಉಳೋ ಮುಂಚೆ ಅಧಿಕಾರಿ ಬಂದು ನೋಡಲಿ, ಫೋಟೋ ತೆಗೆದಿಡಿ. ಅದೇ ಲಾಟಿನ ಬೀಜ ತಂದ ಅಕ್ಕಪಕ್ಕದವರ ಹತ್ತಿರ ಚೀಲ ಇದ್ದೀತು, ಅವರನ್ನೂ ಜೊತೆ ಮಾಡಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಉಳಿದವರು ಕೇಳಿ. ಬಿಲ್, ಚೀಲ, ಅದಕ್ಕೆ ಹೊಲೆದ ಚೀಟಿ, ಒಂದು ಹಿಡಿ ಬೀಜ, ಇಷ್ಟನ್ನೂ ಕೊಯ್ಲು ಮುಗಿಯೋವರೆಗೆ ಎತ್ತಿಡಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತೆ. ಅದರಲ್ಲಿ ಪರೀಕ್ಷೆಯ ದಿನಾಂಕ ನೋಡಿ, ಅಲ್ಲಿಂದ 9 ತಿಂಗಳು ಮಾತ್ರ ಅದಕ್ಕೆ ಬೆಲೆ. ಭತ್ತಕ್ಕೆ ನೂರಕ್ಕೆ 80, ರಾಗಿಗೆ ನೂರಕ್ಕೆ 75 ಮೊಳಕೆ ಇರಲೇಬೇಕು ಅನ್ನೋದು ನಿಯಮ.

ನಿಯಮ ಕಾಗದದಲ್ಲಿದೆ. ಬೀಜ ನಿಮ್ಮ ಕೈಯಲ್ಲಿದೆ, ನೀವೇ ನೋಡಿ. ಹಳೇ ಬಿಳಿ ಪಂಚೆಯ ತುಂಡು ಒದ್ದೆ ಮಾಡಿ ಹಿಂಡಿ ಹಾಸಿ. ಚೀಲದ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ಬೀಜ ತೆಗೆದು ಬೆರೆಸಿ ನೂರು ಕಾಳು ಎಣಿಸಿ, ಹತ್ತತ್ತರ ಹತ್ತು ಸಾಲು ಜೋಡಿಸಿ. ದಪ್ಪ ಕಾಳೇ ಆರಿಸಬೇಡಿ, ಕೈಗೆ ಬಂದದ್ದನ್ನ ಹಾಕಿ. ಬಟ್ಟೆ ಸುರುಳಿ ಸುತ್ತಿ ನೆರಳಲ್ಲಿಟ್ಟು, ಆರದ ಹಾಗೆ ನೀರು ಚಿಮುಕಿಸಿ. ರಾಗಿಗೆ ಒಂದು ವಾರ, ಭತ್ತಕ್ಕೆ ಇನ್ನೂ ಮೂರು ನಾಲ್ಕು ದಿನ. ಬೇರು, ಕುಡಿ ಎರಡೂ ಸರಿಯಾಗಿ ಬಂದವನ್ನ ಮಾತ್ರ ಎಣಿಸಿ. ಬೀಜ ಕೊಂಡ ದಿನವೇ ಇದನ್ನ ಮಾಡಿದರೆ, ಕೆಟ್ಟ ಬೀಜ ವಾಪಸು ಕೊಡೋಕೆ ಇನ್ನೂ ಸಮಯ ಇರುತ್ತೆ. ಪ್ರತಿ ಮನೆಯಲ್ಲೂ ಇದು ನಡೀಬೇಕು ಅಂತ ನಾನು ಕೈಮುಗಿದು ಕೇಳ್ತೀನಿ.

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ತಾರಸಿ ಮೇಲೆ ಕೊತ್ತಂಬರಿ ಹಾಕಿದರೆ ಹುಟ್ಟೋದೇ ಇಲ್ಲ. ಈರನಗೆರೆ ಬದನೆ ಬೀಜ ಮಾಡಿಕೊಳ್ಳೋದು ಹೇಗೆ?

ಉತ್ತರ: ಧನಿಯಾ ಒಂದು ಕಾಳಲ್ಲಿ ಎರಡು ಬೀಜ ಇರುತ್ತೆ. ಚಪ್ಪಲಿ ತಳದಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿ. ಹತ್ತು ಹದಿನೈದು ದಿನ ಬೇಕು, ನಡುವೆ ಕೆದಕಿ ನೋಡಬೇಡಿ. ಬದನೆಗೆ, ಗಿಡದ ಒಂದು ಒಳ್ಳೆ ಕಾಯಿಯನ್ನ ಕೊಯ್ಯದೆ ಪೂರ್ತಿ ಹಳದಿ ತಿರುಗಿ ಮೆತ್ತಗಾಗೋವರೆಗೆ ಬಿಡಿ. ಆಮೇಲೆ ಹಿಸುಕಿ ನೀರಲ್ಲಿ ತೊಳೆದು, ತಳದಲ್ಲಿ ನಿಂತ ಬೀಜ ನೆರಳಲ್ಲಿ ಒಣಗಿಸಿ. ಪಕ್ಕದಲ್ಲೇ ಬೇರೆ ಬದನೆ ಇದ್ದರೆ ಬೆರಕೆ ಆದೀತು.

ಪ್ರಶ್ನೆ: ಅಮ್ಮಾ, ನಾನು ನಂಜನಗೂಡು ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರು. ದಿನವೂ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಒಂದು ಒಳ್ಳೆಯ ಮಾತು ಹೇಳುತ್ತೇನೆ, ಗೋಡೆ ತುಂಬ ಬರೆಸಿದ್ದೇನೆ. ಯಾವುದೂ ಇಳಿಯುತ್ತಿಲ್ಲ. ಮೊನ್ನೆ ಒಬ್ಬ ಹುಡುಗ ‘ಸಾರ್, ಇದು ಪರೀಕ್ಷೆಗೆ ಬರುತ್ತಾ?’ ಎಂದ. ಬಂಡೆ ಮೇಲೆ ಬಿತ್ತುತ್ತಿದ್ದೇನೆ ಎನಿಸಿ ಬೇಸರವಾಗಿದೆ. ಬಿತ್ತನೆ ಬಗ್ಗೆ ಬರೆಯುವ ನೀವು ನನಗೇನು ಹೇಳುತ್ತೀರಿ?

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದವನ್ನ ಮನೆಯವರಿಗೆಲ್ಲ ಓದಿ ಹೇಳಿದೆ. ಮಕ್ಕಳ ಮೇಲೆ ಇಷ್ಟು ಕಾಳಜಿ ಇರೋ ನಿಮ್ಮಂಥವರು ಬೇಸರಪಡಬಾರದು. ಮಕ್ಕಳು ಬಂಡೆ ಅಂತ ನನಗೆ ಅನ್ನಿಸೋದಿಲ್ಲ. ಮೇಲೆ ಮಳವಳ್ಳಿಯ ತಮ್ಮನಿಗೆ ರಾಗಿ ಲೆಕ್ಕ ಹೇಳಿದ್ದೀನಿ ನೋಡಿ, ನಿಮ್ಮ ಕಾಗದ ಓದುವಾಗ ನನಗೆ ಅದೇ ಕಣ್ಣಮುಂದೆ ಬಂತು. ದಿನಕ್ಕೊಂದು ಮಾತು ಅಂದರೆ ವರ್ಷಕ್ಕೆ ಇನ್ನೂರು ದಾಟಿತು. ಮೇಲೆ ಗೋಡೆಯ ಮೇಲಿನದ್ದು, ಪಾಠದ ಕೊನೆಯದ್ದು, ಮನೆಯಲ್ಲಿ ಅಪ್ಪ ಅಮ್ಮ ಹೇಳೋದು. ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಕೂರಿಗೆ ಹೊಡೆದ ಹಾಗಾಯ್ತು. ಎಲ್ಲವೂ ಒಂದೊಂದು ಎಲೆ ಬಿಡುತ್ತೆ, ಒಂದೂ ತೆಂಡೆ ಹೊಡೆಯೋದಿಲ್ಲ.

ಹೆಚ್ಚಿನದನ್ನ ಕಿತ್ತುಬಿಡಿ. ಒಳ್ಳೇ ಮಾತನ್ನ ಬಿಡೋಕೆ ಮನಸ್ಸು ಬರೋದಿಲ್ಲ, ಗೊತ್ತು. ಆದರೂ ವರ್ಷಕ್ಕೆ ಎರಡೋ ಮೂರೋ ಸಾಕು. ಅದೂ ಕೈಯಲ್ಲಿ ಮಾಡೋ ಅಂಥದ್ದು. ಬಿಸಿಯೂಟಕ್ಕೆ ಕೂತಾಗ ಚಿಕ್ಕ ಮಕ್ಕಳ ತಟ್ಟೆಗೆ ಮೊದಲು ಬಡಿಸೋದು ಅಂತ ಒಂದನ್ನ ಇಟ್ಟುಕೊಂಡರೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಅದೊಂದೇ. ಅದರ ಮೇಲೆ ಭಾಷಣ ಬೇಡ, ನೀವೂ ಸೌಟು ಹಿಡಿದು ನಿಂತುಕೊಳ್ಳಿ. ‘ಪರೀಕ್ಷೆಗೆ ಬರುತ್ತಾ’ ಅಂದ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಾವೆಲ್ಲ ಸೇರಿ ಅವನ ತಲೆಗೆ ತುಂಬಿರೋ ಪ್ರಶ್ನೆ ಅದು. ಸೌಟನ್ನ ಅವನ ಕೈಗೇ ಕೊಡಿ.

ಇನ್ನೊಂದು ಕೆಲಸ ಮಾಡಿಸಿ. ಪ್ರತಿ ಮಗುವೂ ಮನೆಯಿಂದ ಒಂದು ಬಗೆಯ ಬೀಜ ನೂರು ಕಾಳು ತರಲಿ. ಹೆಸರು ಅಜ್ಜಿಯ ಬಾಯಿಂದಲೇ ಕೇಳಿ ಬರೆದುಕೊಂಡು ಬರಲಿ, ಅಂಗಡಿ ಹೆಸರು ಬೇಡ. ಮೇಲೆ ಹೇಳಿದ ಒದ್ದೆ ಬಟ್ಟೆಯ ಪರೀಕ್ಷೆ ಮಾಡಿ ದಿನವೂ ಎಣಿಸಿ ಪುಸ್ತಕದಲ್ಲಿ ಬರೆಯಲಿ. ನಮ್ಮೂರ ಶಾಲೆಯಲ್ಲಿ ಇದನ್ನ ಮಾಡಿಸಿದಾಗ ಆರನೇ ತರಗತಿಯ ಒಬ್ಬ ಹುಡುಗ ಅಲಸಂದೆ ತಂದಿದ್ದ. ನಾಲ್ಕನೇ ದಿನಕ್ಕೆ 62 ಮೊಳೆತಿದ್ದವು. ಉಳಿದದ್ದನ್ನ ಎಸೆಯೋಕೆ ಹೊರಟವನು ಅದೇನು ಅನ್ನಿಸಿತೋ, ಮತ್ತೆ ಸುತ್ತಿಟ್ಟ. ಮಾರನೇ ದಿನ ಇನ್ನೂ ಒಂಬತ್ತು ಬಂದವು, ಅದರ ಮಾರನೇ ದಿನ ನಾಲ್ಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಟ್ಟೆಗೆ ನೀರು ಹಾಕೋರು ಯಾರು ಅಂತ ಅವನಿಗೇ ಚಿಂತೆ ಹತ್ತಿ, ಸುರುಳಿಯನ್ನ ಮನೆಗೆ ತಗೊಂಡು ಹೋದ. ಅವನಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಶಾಲೆಯ ಲೆಕ್ಕ ನನಗೆ ಬರೆದು ಕಳಿಸಿ, ಮಕ್ಕಳ ಕೈಬರಹದಲ್ಲೇ ಇರಲಿ. ಅಜ್ಜಿಯಂದಿರು ಹೇಳಿದ ಹೆಸರುಗಳನ್ನ ಈ ಅಂಕಣದಲ್ಲಿ ಹಾಕಿಸ್ತೀನಿ.

ಪ್ರಶ್ನೆ: ಅಕ್ಕಡಿಗೆ ಅಂತ ಇಟ್ಟ ಅವರೆ, ತೊಗರಿ ಬೀಜಕ್ಕೆ ಪ್ರತಿ ಸಲವೂ ಹುಳ ಬೀಳುತ್ತೆ ಅಕ್ಕ. (ನಾಗಮಂಗಲ ತಾಲ್ಲೂಕಿನ ತಂಗಿ)

ಉತ್ತರ: ಹುಳದ ಮೊಟ್ಟೆ ಹೊಲದಿಂದಲೇ ಕಾಯಿಯ ಜೊತೆ ಬಂದಿರುತ್ತೆ ಕಣವ್ವ. ಅದಕ್ಕೇ ಡಬ್ಬ ಎಷ್ಟು ಬಿಗಿ ಮಾಡಿದರೂ ಒಳಗೇ ಹುಟ್ಟುತ್ತೆ. ಬಡಿದ ಮೇಲೆ ಮೂರು ನಾಲ್ಕು ದಿನ ಖಾರ ಬಿಸಿಲಲ್ಲಿ ಒಣಗಿಸು. ಹಲ್ಲಲ್ಲಿ ಕಡಿದರೆ ಕಟಕ್ ಅನ್ನಬೇಕು. ಜರಡಿ ಹಿಡಿದ ಕೆಮ್ಮಣ್ಣನ್ನ ತೆಳ್ಳಗೆ ಕಲಸಿ ಕಾಳಿಗೆಲ್ಲ ಹತ್ತೋ ಹಾಗೆ ಉಜ್ಜಿ, ಮತ್ತೆ ಚೆನ್ನಾಗಿ ಒಣಗಿಸಿ ಮಡಿಕೆಗೆ ತುಂಬು. ಕೆಮ್ಮಣ್ಣು ಬೇಡ ಅಂದರೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಬಹುದು. ಮಡಿಕೆಯ ಬಾಯಿಗೆ ನಾಲ್ಕು ಬೆರಳು ಒಣ ಮರಳು ಹಾಕಿ ಬಟ್ಟೆ ಕಟ್ಟು, ಒಳಗೆ ಹುಟ್ಟಿದ ಹುಳ ಮೇಲೆ ಬರೋಕಾಗದೆ ಸಾಯುತ್ತೆ. ಈ ವರ್ಷದ ಬೀಜಕ್ಕೆ ಆಗಲೇ ತೂತು ಬಿದ್ದಿದ್ದರೆ ಅದನ್ನ ಬಿತ್ತಬೇಡ. ಪಕ್ಕದ ಮನೆಯಲ್ಲಿ ಒಂದು ಸೇರು ಕಡ ತಗೋ, ಸಂಕ್ರಾಂತಿ ಕಳೆದು ಹೊಸ ಕಾಳು ಬಂದಾಗ ಒಂದೂವರೆ ಸೇರು ಅಳೆದು ಕೊಡು.